ಶಾಲೆ ತೆರೆಯುವ ಚರ್ಚೆ: ಕಿರಿಯರ ಸರದಿ ಕೊನೆಗೇ ಏಕೆ ಬಂತು?

ಬೆಂಗಳೂರು: 2021ರ ಅಕ್ಟೋಬರ್ 25ರಂದು ರಾಜ್ಯದ ಪ್ರಾಥಮಿಕ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದವು. ತಳಿರು ತೋರಣ ಕಟ್ಟಿ, ಹೂವು ಕೊಟ್ಟು ಮಕ್ಕಳನ್ನು ಬರಮಾಡಿಕೊಳ್ಳಲಾಯಿತು. ಆ ಸಂಭ್ರಮದ ನಡುವೆ ಒಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಅಂದು ಎರಡನೇ ತರಗತಿಯಲ್ಲಿ ಬಂದು ಕುಳಿತ ಮಕ್ಕಳು ಒಂದನೇ ತರಗತಿಯ ಕೊಠಡಿಯಲ್ಲಿ ನಿಯಮಿತ ಪಾಠವನ್ನು ಒಂದು ದಿನವೂ ಕೇಳಿರಲಿಲ್ಲ. ದಾಖಲಾತಿ ಪುಸ್ತಕದಲ್ಲಿ ಅವರು ಉತ್ತೀರ್ಣರಾಗಿದ್ದರು, ಅಷ್ಟೇ.

2020ರ ಮಾರ್ಚ್ ಮಧ್ಯಭಾಗದಲ್ಲಿ ಮುಚ್ಚಿದ ಬಾಗಿಲು ಈ ಮಕ್ಕಳಿಗೆ ತೆರೆಯಲು ಹತ್ತೊಂಬತ್ತು ತಿಂಗಳು ಬೇಕಾಯಿತು. ಈ ಅವಧಿಯುದ್ದಕ್ಕೂ ಚರ್ಚೆಗೆ ಕೊರತೆಯಿರಲಿಲ್ಲ. ಸಚಿವರು, ವೈದ್ಯರು, ಪೋಷಕರು, ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು, ಶಿಕ್ಷಕರ ಸಂಘಗಳು, ನ್ಯಾಯಾಲಯ ಎಲ್ಲರೂ ಮಾತನಾಡಿದರು. ಆದರೆ ಚರ್ಚೆಯೆಲ್ಲ 'ಶಾಲೆ ತೆರೆಯಬೇಕೇ, ಬೇಡವೇ' ಎಂಬುದರ ಸುತ್ತಲೇ ಸುತ್ತಿತು. 'ಯಾರಿಗೆ ಮೊದಲು ತೆರೆಯಬೇಕು' ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು. ರಾಜ್ಯ ತೆತ್ತ ಬೆಲೆಯ ಬಹುಪಾಲು ಆ ಕೇಳದ ಪ್ರಶ್ನೆಗೆ ಸೇರಿದ್ದು.

ಪರೀಕ್ಷೆಯೇ ಮೊದಲು

ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು 2020ರ ಮಾರ್ಚ್ 10ರಂದು, ಕಲಬುರಗಿಯಲ್ಲಿ. ಆ ಆತಂಕದಲ್ಲಿ ಶಾಲೆಗಳನ್ನು ಮುಚ್ಚಿದ ನಿರ್ಧಾರವನ್ನು ಅಂದು ಯಾರೂ ಪ್ರಶ್ನಿಸಲಿಲ್ಲ, ಪ್ರಶ್ನಿಸುವಂತೆಯೂ ಇರಲಿಲ್ಲ. ರೋಗದ ಸ್ವರೂಪವೇ ತಿಳಿಯದಿದ್ದ ದಿನಗಳವು.

ನಿಜವಾದ ಚರ್ಚೆ ಆರಂಭವಾದದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯಿಂದ. ಮಾರ್ಚ್‌ನಲ್ಲಿ ಮುಂದೂಡಲಾಗಿದ್ದ ಪರೀಕ್ಷೆಯನ್ನು ಜೂನ್ 25ರಿಂದ ಜುಲೈ 4ರವರೆಗೆ ನಡೆಸಲು ಅಂದಿನ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಮುಂದಾದರು. ನೆರೆಯ ತಮಿಳುನಾಡು ಮತ್ತು ತೆಲಂಗಾಣ ಹತ್ತನೇ ತರಗತಿ ಪರೀಕ್ಷೆಯನ್ನೇ ಕೈಬಿಟ್ಟಿದ್ದವು. ಕರ್ನಾಟಕ ಹಿಂಜರಿಯಲಿಲ್ಲ. ಮಾಸ್ಕ್, ಉಷ್ಣಾಂಶ ತಪಾಸಣೆ, ಅಂತರದ ಆಸನ ವ್ಯವಸ್ಥೆಯೊಂದಿಗೆ ಸುಮಾರು ಎಂಟೂವರೆ ಲಕ್ಷ ಮಂದಿ ನೋಂದಾಯಿಸಿದ್ದ ಪರೀಕ್ಷೆ ನಡೆದೇ ಹೋಯಿತು.

ಆಡಳಿತ ಯಂತ್ರಕ್ಕೆ ಇದು ಹೆಮ್ಮೆಯ ಸಂಗತಿಯಾಗಿತ್ತು. ಆದರೆ ಆ ಯಶಸ್ಸಿನಿಂದ ಸಹಜವಾಗಿ ಹುಟ್ಟಬೇಕಿದ್ದ ಪ್ರಶ್ನೆ ಹುಟ್ಟಲಿಲ್ಲ. ಎಂಟೂವರೆ ಲಕ್ಷ ಮಕ್ಕಳ ಪರೀಕ್ಷೆಗೆ ಅಷ್ಟೊಂದು ಸಿದ್ಧತೆ ಸಾಧ್ಯವಾದರೆ, ಹಳ್ಳಿಯ ಶಾಲೆಯೊಂದರಲ್ಲಿ ಇಪ್ಪತ್ತು ಮಕ್ಕಳಿಗೆ ಪಾಠ ಮಾಡಲು ಏಕೆ ಸಾಧ್ಯವಿಲ್ಲ? ಪರೀಕ್ಷೆ ಅನಿವಾರ್ಯ, ಪಾಠ ಐಚ್ಛಿಕ ಎಂಬ ಮನೋಭಾವ ಇಲ್ಲಿಂದಲೇ ಬೇರುಬಿಟ್ಟಿತು. 2021ರ ಜನವರಿ 1ರಂದು ತರಗತಿಗಳು ಪುನರಾರಂಭವಾದಾಗಲೂ ಮೊದಲ ಸರದಿ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿಯದ್ದೇ. ಫೆಬ್ರುವರಿಯಲ್ಲಿ ಒಂಬತ್ತನೇ ತರಗತಿ, ಬಳಿಕ ಆರರಿಂದ ಎಂಟನೇ ತರಗತಿಯವರಿಗೆ ಅವಕಾಶ ದೊರೆಯಿತು. ಒಂದರಿಂದ ಐದನೇ ತರಗತಿಯವರ ಸರದಿ ಬರುವ ಮುನ್ನವೇ ಎರಡನೇ ಅಲೆ ಅಪ್ಪಳಿಸಿತು.

ಜಗಲಿಯ ಮೇಲಿನ ಪಾಠ

ಶಾಲೆಗೆ ಬದಲಿಯಾಗಿ ಬಂದದ್ದು ಆನ್‌ಲೈನ್ ತರಗತಿ. ಇದರ ಬಗ್ಗೆ ಸರ್ಕಾರದ ನಿಲುವೇ ಸ್ಥಿರವಾಗಿರಲಿಲ್ಲ. ಕಿರಿಯ ಮಕ್ಕಳ ಆರೋಗ್ಯದ ಕಾರಣ ನೀಡಿ 2020ರ ಜೂನ್‌ನಲ್ಲಿ ಅದನ್ನು ನಿರ್ಬಂಧಿಸಲಾಯಿತು. ಪೋಷಕರು ನ್ಯಾಯಾಲಯದ ಮೊರೆ ಹೋದರು. ಜುಲೈ 8ರಂದು ಹೈಕೋರ್ಟ್ ಈ ನಿರ್ಬಂಧಕ್ಕೆ ತಡೆ ನೀಡಿತು. ಇದು ಮೇಲ್ನೋಟಕ್ಕೆ ಜೀವಿಸುವ ಹಕ್ಕು ಮತ್ತು ಶಿಕ್ಷಣದ ಹಕ್ಕಿನ ಉಲ್ಲಂಘನೆ ಎಂಬುದು ನ್ಯಾಯಪೀಠದ ಅಭಿಪ್ರಾಯವಾಗಿತ್ತು. ಹಾಗೆಂದು ಆನ್‌ಲೈನ್ ಶಿಕ್ಷಣವನ್ನು ಕಡ್ಡಾಯಗೊಳಿಸುವ ಹಕ್ಕು ಶಾಲೆಗಳಿಗಿಲ್ಲ ಎಂಬುದನ್ನೂ ಅದು ಸ್ಪಷ್ಟಪಡಿಸಿತು.

ಆದರೆ ಈ ಕಾನೂನು ಸಮರ ಮೊಬೈಲ್, ಲ್ಯಾಪ್‌ಟಾಪ್ ಇದ್ದ ಮನೆಗಳ ಮಕ್ಕಳದ್ದಾಗಿತ್ತು. ಕೂಲಿಗೆ ಹೋಗುವ ತಂದೆಯ ಜೇಬಿನಲ್ಲಿರುವ ಒಂದೇ ಫೋನ್ ಸಂಜೆ ಮನೆಗೆ ಬರುವವರೆಗೆ ಮಕ್ಕಳಿಗೆ ಸಿಗುವಂತಿರಲಿಲ್ಲ. ಮಲೆನಾಡಿನಲ್ಲಿ ಫೋನ್ ಇದ್ದರೂ ಸಿಗ್ನಲ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಬೇಕಿತ್ತು. 2021ರ ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿದಂತೆ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಕುಟುಂಬದ ಮಕ್ಕಳ ನಡುವೆ ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೇಜ್, ರೀತಿಕಾ ಖೇರಾ ಮೊದಲಾದವರ ತಂಡ ಸಮೀಕ್ಷೆ ನಡೆಸಿತು. ಗ್ರಾಮೀಣ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದವರು ಕೇವಲ ಶೇ. 8. ಏನನ್ನೂ ಓದದೆ ಉಳಿದಿದ್ದವರು ಶೇ. 37.

ಈ ಅಂತರವನ್ನು ತುಂಬಲು ಶಿಕ್ಷಣ ಇಲಾಖೆ 2020ರ ಆಗಸ್ಟ್‌ನಲ್ಲಿ ರೂಪಿಸಿದ 'ವಿದ್ಯಾಗಮ' ಕಾರ್ಯಕ್ರಮವನ್ನು ಇಲ್ಲಿ ನೆನೆಯಲೇಬೇಕು. ಸ್ಮಾರ್ಟ್‌ಫೋನ್ ಇರುವವರು, ಸಾಮಾನ್ಯ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ತೆರಳಿದರು. ದೇವಸ್ಥಾನದ ಜಗಲಿ, ಸಮುದಾಯ ಭವನ, ಅರಳಿಕಟ್ಟೆಗಳು ಪಾಠಶಾಲೆಗಳಾದವು. ಕೊರತೆಗಳೇನೇ ಇದ್ದರೂ ಬಡ ಮಕ್ಕಳ ಕಡೆ ಮುಖ ಮಾಡಿದ ಪ್ರಯತ್ನ ಇದಾಗಿತ್ತು. ಶಿಕ್ಷಕರು ಮತ್ತು ಮಕ್ಕಳಿಗೆ ಸೋಂಕು ತಗಲಿದ ವರದಿಗಳು ಬಂದವು, ಟೀಕೆ ಹೆಚ್ಚಿತು. ಅಕ್ಟೋಬರ್‌ನಲ್ಲಿ ಕಾರ್ಯಕ್ರಮವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಯಿತು. ಲೋಪ ಸರಿಪಡಿಸಿ ಮುಂದುವರಿಸುವ ದಾರಿಯಿದ್ದರೂ ನಿಲ್ಲಿಸುವುದೇ ಸುಲಭವಾಗಿ ಕಂಡಿತು.

ಯಾರ ಆತಂಕ, ಯಾರ ದನಿ?

ಶಾಲೆ ತೆರೆಯುವುದು ಬೇಡ ಎಂದವರ ಆತಂಕ ಪೊಳ್ಳಾಗಿತ್ತು ಎನ್ನಲಾಗದು. ಬಹುತೇಕ ಮನೆಗಳಲ್ಲಿ ಅಜ್ಜ ಅಜ್ಜಿಯರಿದ್ದರು. ಮಕ್ಕಳಿಗೆ ರೋಗ ಬಾಧಿಸದಿದ್ದರೂ ಅವರು ಅದನ್ನು ಮನೆಗೆ ಹೊತ್ತು ತಂದಾರು ಎಂಬ ಭಯವಿತ್ತು. 2021ರ ಮೇ ಆರಂಭದಲ್ಲಿ ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯಿಂದ ರೋಗಿಗಳು ಅಸುನೀಗಿದ ಘಟನೆಯ ಬಳಿಕ 'ಮಕ್ಕಳಿಗೆ ಹಾಸಿಗೆ ಸಿಗುತ್ತದೆಯೇ' ಎಂದು ಪೋಷಕರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಕ್ಕಳಿಗೆ ಆಗ ಲಸಿಕೆಯೂ ಇರಲಿಲ್ಲ. 15ರಿಂದ 18 ವರ್ಷದವರಿಗೆ ಲಸಿಕೆ ಆರಂಭವಾದದ್ದೇ 2022ರ ಜನವರಿ 3ರಂದು.

ಶಿಕ್ಷಕರ ಆತಂಕಕ್ಕೂ ಕಾರಣವಿತ್ತು. ಪಾಠ ನಿಂತರೂ ಅವರ ಕೆಲಸ ನಿಂತಿರಲಿಲ್ಲ. ಸೋಂಕಿತರ ಸಮೀಕ್ಷೆ, ತಪಾಸಣಾ ಕೇಂದ್ರ ಮುಂತಾದ ಕಡೆಗಳಿಗೆ ಅವರನ್ನು ನಿಯೋಜಿಸಲಾಗಿತ್ತು. 2021ರ ಏಪ್ರಿಲ್‌ನ ಉಪಚುನಾವಣೆಯ ಬಳಿಕ ಬಸವಕಲ್ಯಾಣದಲ್ಲಿ ಚುನಾವಣಾ ಕರ್ತವ್ಯ ನಿರ್ವಹಿಸಿದ್ದ ಶಿಕ್ಷಕರು ಮೃತಪಟ್ಟ ವರದಿಗಳು ಬಂದವು. ತರಗತಿಗೆ ಹೋಗುವುದು ಅಪಾಯ, ಮತಗಟ್ಟೆಗೆ ಹೋಗುವುದು ಅಪಾಯವಲ್ಲ ಎಂಬ ಲೆಕ್ಕಾಚಾರ ಯಾರಿಗೆ ಅರ್ಥವಾದೀತು?

ಇನ್ನೊಂದೆಡೆ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಶಾಲೆ ತೆರೆಯುವಂತೆ ಪಟ್ಟು ಹಿಡಿದವು. ಶುಲ್ಕ ಬಾರದೆ ಶಿಕ್ಷಕರಿಗೆ ವೇತನ ನೀಡಲಾಗದ ಸ್ಥಿತಿ ಅವುಗಳದ್ದು. ಹೀಗಾಗಿ ಚರ್ಚೆ ಶುಲ್ಕದ ಜಗಳದೊಂದಿಗೆ ಬೆರೆತುಹೋಯಿತು. 'ಶುಲ್ಕ ವಸೂಲಿಗಾಗಿಯೇ ಶಾಲೆ ತೆರೆಯಲು ಹೊರಟಿದ್ದಾರೆ' ಎಂಬ ಸಂಶಯ ನಗರದ ಪೋಷಕರಲ್ಲಿ ಮೂಡಿತು.

ಈ ಗದ್ದಲದಲ್ಲಿ ಕೇಳಿಸದೆ ಹೋದದ್ದು ಸರ್ಕಾರಿ ಶಾಲೆಯ ಪೋಷಕರ ದನಿ. ಅವರಿಗೆ ಶಾಲೆಯೆಂದರೆ ಪಾಠವಷ್ಟೇ ಅಲ್ಲ. ತಾವು ದುಡಿಯಲು ಹೋದಾಗ ಮಗು ಸುರಕ್ಷಿತವಾಗಿರುವ ಜಾಗ, ಮಧ್ಯಾಹ್ನದ ಬಿಸಿಯೂಟದ ಜಾಗ. ಮುಚ್ಚಿದ ಅವಧಿಯಲ್ಲಿ ಆಹಾರಧಾನ್ಯ ವಿತರಿಸಲಾಯಿತಾದರೂ ಅಕ್ಕಿ ಬೇಳೆ ಮನೆ ಸೇರುವುದಕ್ಕೂ, ಮಗುವಿನ ತಟ್ಟೆಗೆ ಬಿಸಿಯೂಟ ಬೀಳುವುದಕ್ಕೂ ವ್ಯತ್ಯಾಸವಿದೆ. ಮದ್ಯದಂಗಡಿಗಳು 2020ರ ಮೇ 4ಕ್ಕೇ ತೆರೆದಿದ್ದವು ಎಂಬುದನ್ನು ಈ ಕುಟುಂಬಗಳ ತಾಯಂದಿರು ಮರೆತಿರಲಾರರು.

ತಜ್ಞರ ಮಾತು, ಇಲಾಖೆಯ ದಾರಿ

ಎರಡನೇ ಅಲೆ ಇಳಿಯುತ್ತಿದ್ದಂತೆ ತಜ್ಞರ ಅಭಿಪ್ರಾಯ ಸ್ಪಷ್ಟವಾಗತೊಡಗಿತು. ಮೂರನೇ ಅಲೆ ಎದುರಿಸಲು ರಾಜ್ಯ ಸರ್ಕಾರವೇ ಡಾ. ದೇವಿ ಶೆಟ್ಟಿ ಅಧ್ಯಕ್ಷತೆಯಲ್ಲಿ ರಚಿಸಿದ್ದ ಸಮಿತಿ 2021ರ ಜೂನ್‌ನಲ್ಲಿ ಮಧ್ಯಂತರ ವರದಿ ಸಲ್ಲಿಸಿ, ಶಾಲೆ ತೆರೆಯುವಂತೆ ಸಲಹೆ ನೀಡಿತು. ಶಾಲೆ ಇನ್ನೂ ಮುಚ್ಚಿದ್ದರೆ ಅಪೌಷ್ಟಿಕತೆ, ಬಾಲಕಾರ್ಮಿಕ ಪದ್ಧತಿ, ಬಾಲ್ಯವಿವಾಹ ಹೆಚ್ಚೀತು ಎಂಬುದು ಅದರ ಎಚ್ಚರಿಕೆಯಾಗಿತ್ತು.

ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಂದಿನ ಮಹಾನಿರ್ದೇಶಕ ಡಾ. ಬಲರಾಮ್ ಭಾರ್ಗವ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶಾಲೆ ತೆರೆಯುವುದಾದರೆ ಪ್ರಾಥಮಿಕ ತರಗತಿಗಳಿಂದಲೇ ಆರಂಭಿಸುವುದು ಜಾಣತನ ಎಂದರು. ವೈರಸ್ ಅಂಟಿಕೊಳ್ಳುವ ಗ್ರಾಹಕಗಳು ಚಿಕ್ಕ ಮಕ್ಕಳಲ್ಲಿ ಕಡಿಮೆ ಎಂಬುದು ಅವರು ನೀಡಿದ ಕಾರಣ. ಶಿಕ್ಷಕರು ಮತ್ತು ಸಿಬ್ಬಂದಿಗೆ ಲಸಿಕೆಯಾಗಿರಬೇಕು ಎಂಬ ಷರತ್ತನ್ನೂ ಹಾಕಿದರು. ಅದೇ ವೇಳೆ ಪ್ರಕಟವಾದ ನಾಲ್ಕನೇ ರಾಷ್ಟ್ರೀಯ ಸೆರೋ ಸಮೀಕ್ಷೆಯ ಪ್ರಕಾರ 6ರಿಂದ 9 ವರ್ಷದ ಮಕ್ಕಳಲ್ಲೇ ಶೇ. 57.2 ಮಂದಿಯಲ್ಲಿ ಪ್ರತಿಕಾಯ ಪತ್ತೆಯಾಗಿತ್ತು. ಅಂದರೆ ಶಾಲೆ ಮುಚ್ಚಿದ್ದರೂ ಸೋಂಕು ಮಕ್ಕಳನ್ನು ಮನೆಯಲ್ಲೇ ತಲುಪಿ ಹೋಗಿತ್ತು.

ಆದರೆ ರಾಜ್ಯ ಹಿಡಿದದ್ದು ಹಳೆಯ ದಾರಿಯನ್ನೇ. ಸೋಂಕಿನ ಪ್ರಮಾಣ ಶೇ. 2ಕ್ಕಿಂತ ಕಡಿಮೆಯಿದ್ದ ಜಿಲ್ಲೆಗಳಲ್ಲಿ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡನೇ ತರಗತಿ, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಅಕ್ಟೋಬರ್ 25ರಂದು ಒಂದರಿಂದ ಐದು, ನವೆಂಬರ್ 8ರಂದು ಅಂಗನವಾಡಿ ಮತ್ತು ಎಲ್‌ಕೆಜಿ, ಯುಕೆಜಿ. ದೊಡ್ಡ ಮಕ್ಕಳು ಮಾಸ್ಕ್, ಅಂತರದ ನಿಯಮ ಪಾಲಿಸಬಲ್ಲರು ಎಂಬ ವಾದದಲ್ಲಿ ಹುರುಳಿರಲಿಲ್ಲವೆಂದಲ್ಲ. ಆದರೆ ಹದಿನೈದರ ವಿದ್ಯಾರ್ಥಿ ಸ್ವಲ್ಪಮಟ್ಟಿಗಾದರೂ ತಾನೇ ಓದಿಕೊಳ್ಳಬಲ್ಲ. ಅಕ್ಷರವನ್ನೇ ಕಲಿಯದ ಆರರ ಮಗು ತಾನಾಗಿ ಏನು ಓದೀತು? ಶಿಕ್ಷಕರ ಅಗತ್ಯ ಅತಿ ಹೆಚ್ಚು ಇದ್ದವರಿಗೆ ಶಿಕ್ಷಕರು ಅತಿ ತಡವಾಗಿ ಸಿಕ್ಕರು.

ಅಂಕಿ-ಅಂಶ ಮರೆಮಾಚುವುದೇನು?

2021ರ ಎಸ್ಸೆಸ್ಸೆಲ್ಸಿಯಲ್ಲಿ ಒಬ್ಬ ವಿದ್ಯಾರ್ಥಿ ಹೊರತು ಎಲ್ಲರೂ ತೇರ್ಗಡೆಯಾದರು. ಅದೇ ವರ್ಷ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಯನ ಬೇರೆಯದೇ ಚಿತ್ರ ನೀಡಿತ್ತು. ಕರ್ನಾಟಕ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳಲ್ಲಿ ಶೇ. 92 ಮಂದಿ ಹಿಂದಿನ ವರ್ಷ ಗಳಿಸಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇ. 82. ಅಸರ್ ಸಮೀಕ್ಷೆಯಂತೆ ರಾಜ್ಯದ ಗ್ರಾಮೀಣ ಭಾಗದಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ಸುಮಾರು ಶೇ. 19ರಷ್ಟಿದ್ದರು. 2021ರಲ್ಲಿ ಅದು ಶೇ. 10ಕ್ಕಿಂತ ಕೆಳಗಿಳಿಯಿತು. 2022ರಲ್ಲೂ ಮೇಲೇರಲಿಲ್ಲ.

ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. 2022ರಲ್ಲಿ ಎರಡು ವಾರ ಮುಂಚಿತವಾಗಿ, ಮೇ 16ಕ್ಕೇ ಶಾಲೆ ಆರಂಭಿಸಿ 'ಕಲಿಕಾ ಚೇತರಿಕೆ' ಕಾರ್ಯಕ್ರಮ ಜಾರಿಗೊಳಿಸಲಾಯಿತು. ದೇಶದ ಮಟ್ಟದಲ್ಲಿಯೂ ಚೇತರಿಕೆಯ ಲಕ್ಷಣ ಕಂಡಿದೆ. ಅಸರ್ ಪ್ರಕಾರ ಮೂರನೇ ತರಗತಿಯ ಓದಿನ ಸಾಮರ್ಥ್ಯ 2018ರಲ್ಲಿ ಶೇ. 27.3 ಇದ್ದದ್ದು 2022ರಲ್ಲಿ ಶೇ. 20.5ಕ್ಕೆ ಕುಸಿದು, 2024ರಲ್ಲಿ ಶೇ. 27.1ಕ್ಕೆ ಮರಳಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. 2024ರಲ್ಲಿ ಮೂರನೇ ತರಗತಿಯಲ್ಲಿದ್ದವರು 2022ರಲ್ಲಿ, ಅಂದರೆ ಶಾಲೆಗಳು ಸರಿಯಾಗಿ ತೆರೆದ ಮೇಲೆ, ಒಂದನೇ ತರಗತಿ ಸೇರಿದವರು. ಚೇತರಿಸಿಕೊಂಡದ್ದು ಮೂರನೇ ತರಗತಿಯೆಂಬ ಹಂತ. 2020ರಲ್ಲಿ ಒಂದನೇ ತರಗತಿಗೆ ಸೇರಿದ್ದ ಮಕ್ಕಳು 2022ರಲ್ಲೇ ಮೂರನೇ ತರಗತಿಯಲ್ಲಿದ್ದು, ಆ ಕುಸಿತದ ಅಂಕಿಯಾಗಿ ದಾಖಲಾಗಿ ಮುಂದೆ ಸಾಗಿದವರು. ಅವರು ಕಳೆದುಕೊಂಡದ್ದನ್ನು ಮರಳಿ ಪಡೆದರೇ ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಮುಂದಿನ ಬಾರಿಗೆ ನಿಯಮ ಬೇಕು

2022ರ ಜನವರಿಯಲ್ಲಿ ಓಮೈಕ್ರಾನ್ ಹರಡತೊಡಗಿದಾಗ ಬೆಂಗಳೂರಿನಲ್ಲಿ ಮತ್ತೆ ಮೊದಲು ಮುಚ್ಚಿದವುಗಳ ಸಾಲಿನಲ್ಲಿ ಶಾಲೆಗಳಿದ್ದವು. ಒಂದರಿಂದ ಒಂಬತ್ತನೇ ತರಗತಿಗೆ ರಜೆ, ಹತ್ತನೇ ತರಗತಿಗೆ ವಿನಾಯಿತಿ. ಎರಡು ವರ್ಷಗಳ ಅನುಭವವೂ ಆ ಕ್ರಮವನ್ನು ಬದಲಿಸಿರಲಿಲ್ಲ. ಈ ಬಾರಿ ಜನವರಿ 31ಕ್ಕೆ ಬಾಗಿಲು ತೆರೆಯಿತೆಂಬುದಷ್ಟೇ ಸಮಾಧಾನ.

ಸಾಂಕ್ರಾಮಿಕ ರೋಗ, ಪ್ರವಾಹ, ಯಾವುದೇ ರೂಪದಲ್ಲಿ ಸಂಕಷ್ಟ ಮತ್ತೆ ಬರಬಹುದು. ಆಗ ತರಾತುರಿಯಲ್ಲಿ ಸಮಿತಿ ರಚಿಸುವ ಬದಲು ಈಗಲೇ ನಿಯಮ ರೂಪಿಸುವುದು ವಿವೇಕ. ಶಾಲೆ ಕೊನೆಗೆ ಮುಚ್ಚಬೇಕು, ಮೊದಲು ತೆರೆಯಬೇಕು. ತೆರೆಯುವಾಗ ಕಿರಿಯ ತರಗತಿಗಳನ್ನು ಮರೆಯಬಾರದು. ಇಡೀ ರಾಜ್ಯಕ್ಕೆ ಒಂದೇ ಆದೇಶ ಹೊರಡಿಸದೆ, ತಾಲ್ಲೂಕು ಮಟ್ಟದಲ್ಲಿ ಪರಿಸ್ಥಿತಿ ನೋಡಿ ತೀರ್ಮಾನಿಸುವ ಅಧಿಕಾರವಿರಬೇಕು. ಶಿಕ್ಷಕರ ಸುರಕ್ಷತೆ ಇದರ ಮೊದಲ ಷರತ್ತಾಗಬೇಕು. ಶಾಲೆ ಮುಚ್ಚಿದರೂ ಬಿಸಿಯೂಟ ನಿಲ್ಲದಂತೆ ವ್ಯವಸ್ಥೆಯಾಗಬೇಕು.

2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಗು ಎಲ್ಲೂ ತಡೆಯಿಲ್ಲದೆ ಸಾಗಿದರೆ 2030ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬೇಕು. ಆ ಪರೀಕ್ಷೆಯನ್ನು ರಾಜ್ಯ ಎಂದಿನ ಶಿಸ್ತಿನಿಂದಲೇ ನಡೆಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆ ಮಗು ಅಂದು ಪ್ರಶ್ನೆಪತ್ರಿಕೆಯನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲುದೇ ಎಂಬುದಕ್ಕೆ ಉತ್ತರ ಹುಡುಕಲು ಉಳಿದಿರುವ ಸಮಯ ಮಾತ್ರ ಕಡಿಮೆ.