ಮುಂದಿನ ವಾರದ ಹವೆ: ಕಾಗಿಣಾ ಕೊಳ್ಳಕ್ಕೆ ಒಂದೇ ಸಾಲು ಸಾಕೆ?

ಕಲಬುರಗಿ ಜಿಲ್ಲೆಯ ಪೂರ್ವಭಾಗದ ರೈತರಿಗೆ ನವೆಂಬರ್ ಉತ್ತರಾರ್ಧ ನಿರ್ಧಾರಗಳ ಕಾಲ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಹೊಲಗಳಲ್ಲಿ ತೊಗರಿ ಕಾಯಿ ತುಂಬುತ್ತಿರುತ್ತದೆ. ಹತ್ತಿ ಬಿಡಿಸುವ ಕೆಲಸ ನಡೆದಿರುತ್ತದೆ. ಕಪ್ಪು ನೆಲದ ಹಿಂಗಾರಿ ಜೋಳ ಇನ್ನೊಂದು ಹದ ಮಳೆಗೆ ಕಾಯುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಮುಂದಿನ ಏಳು ದಿನ ಆಕಾಶ ಹೇಗಿದ್ದೀತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ ಸಾಲಿನದು: ಉತ್ತರ ಒಳನಾಡಿನ ಒಂದೆರಡು ಕಡೆ ಹಗುರ ಮಳೆ, ಉಳಿದೆಡೆ ಒಣ ಹವೆ.

ಈ ಸಾಲು ಸುಳ್ಳಲ್ಲ. ಆದರೆ ಇದನ್ನು ನಂಬಿ ತೊಗರಿ ಕೊಯ್ಯಬೇಕೋ, ಔಷಧ ಸಿಂಪಡಿಸಬೇಕೋ, ಕಡಲೆಗೆ ನೀರು ಹಾಯಿಸಬೇಕೋ ಎಂದು ತೀರ್ಮಾನಿಸುವುದು ಕಷ್ಟ. ಶರದೃತು ಮುಗಿದು ಹೇಮಂತ ಕಾಲಿಡುವ ಈ ವಾರಗಳಲ್ಲಿ ಈ ಭಾಗದ ಹವೆ ಯಾವುದನ್ನು ಅವಲಂಬಿಸಿದೆ, ಮುನ್ಸೂಚನೆಯನ್ನು ಹೇಗೆ ಓದಿಕೊಳ್ಳಬೇಕು, ಅದರಲ್ಲಿ ಇನ್ನೂ ಏನು ಕೊರತೆ ಉಳಿದಿದೆ ಎಂಬುದನ್ನು ಪರಿಶೀಲಿಸುವುದು ಅಗತ್ಯ.

'ಒಂದೆರಡು ಕಡೆ' ಎಂದರೇನು?

ಹವಾಮಾನ ಇಲಾಖೆಯ ಭಾಷೆಯಲ್ಲಿ ಪ್ರತಿ ಪದಕ್ಕೂ ಲೆಕ್ಕವಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗಿನ ಕೇಂದ್ರಗಳಲ್ಲಿ ಮಾತ್ರ ಮಳೆಯಾಗುವ ನಿರೀಕ್ಷೆಯಿದ್ದರೆ 'ಒಂದೆರಡು ಕಡೆ' ಎನ್ನುತ್ತಾರೆ. ಶೇ 26ರಿಂದ 50 ಇದ್ದರೆ 'ಕೆಲವು ಕಡೆ', ಶೇ 51ರಿಂದ 75 ಇದ್ದರೆ 'ಹಲವು ಕಡೆ', ಅದಕ್ಕೂ ಹೆಚ್ಚಿದ್ದರೆ 'ಬಹುತೇಕ ಕಡೆ'. ಮಳೆಯ ಪ್ರಮಾಣಕ್ಕೂ ಹೀಗೆಯೇ ಅಳತೆಯಿದೆ. ದಿನವೊಂದಕ್ಕೆ 15.5 ಮಿ.ಮೀ.ವರೆಗೆ ಬಿದ್ದರೆ ಹಗುರ, 64.4 ಮಿ.ಮೀ.ವರೆಗೆ ಸಾಧಾರಣ, 64.5 ಮಿ.ಮೀ. ದಾಟಿದರೆ ಭಾರಿ ಮಳೆ.

ಉತ್ತರ ಒಳನಾಡು ಎಂಬ ಹವಾಮಾನ ಉಪವಿಭಾಗ ಬೀದರದಿಂದ ಹಾವೇರಿಯವರೆಗೆ ಹರಡಿದೆ. ಅಷ್ಟು ವಿಸ್ತಾರದಲ್ಲಿ 'ಒಂದೆರಡು ಕಡೆ' ಎಂದಾಗ ಆ ಮಳೆ ಬೆಳಗಾವಿಯಲ್ಲಿಯೂ ಬೀಳಬಹುದು, ಸೇಡಂನಲ್ಲಿಯೂ ಬೀಳಬಹುದು. ಸಾಧ್ಯತೆಯ ದೃಷ್ಟಿಯಿಂದ ನಾಲ್ಕರಲ್ಲಿ ಮೂರು ಪಾಲು ಒಣಗಿಯೇ ಉಳಿಯುತ್ತದೆ. ಆದ್ದರಿಂದ ಆ ಪದ ಕಂಡೊಡನೆ ಕೆಲಸ ನಿಲ್ಲಿಸುವುದೂ ಸರಿಯಲ್ಲ. ಹಲವು ಸಲ ಬಾರದ ಮಳೆಯನ್ನು ನೆನೆದು ಮುನ್ಸೂಚನೆಯನ್ನೇ ತಳ್ಳಿಹಾಕುವುದೂ ಸರಿಯಲ್ಲ.

ಮಳೆ ಬರುವ ದಾರಿ

ನೈರುತ್ಯ ಮುಂಗಾರು ಅಕ್ಟೋಬರ್ ನಡುವಿನ ಹೊತ್ತಿಗೆ ಈ ಭಾಗದಿಂದ ಹಿಂದೆ ಸರಿಯುತ್ತದೆ. ಬಳಿಕ ಬರುವ ಈಶಾನ್ಯ ಮಾರುತದ ಮುಖ್ಯ ಪ್ರದೇಶಗಳೆಂದು ಇಲಾಖೆ ಗುರುತಿಸಿರುವುದು ತಮಿಳುನಾಡು, ಕೇರಳ, ಕರಾವಳಿ ಆಂಧ್ರ, ರಾಯಲಸೀಮೆ ಮತ್ತು ದಕ್ಷಿಣ ಒಳನಾಡು ಕರ್ನಾಟಕ. ಉತ್ತರ ಒಳನಾಡು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ವಿಶಾಖ, ಅನುರಾಧ ನಕ್ಷತ್ರಗಳ ದಿನಗಳಲ್ಲಿ ಕಾಗಿಣಾ ಕೊಳ್ಳದ ಸಹಜ ಸ್ಥಿತಿ ಒಣ ಹವೆಯೇ. ಹಗಲಿನ ಉಷ್ಣಾಂಶ 30 ಡಿಗ್ರಿಯ ಆಸುಪಾಸು, ರಾತ್ರಿಯದು 17-18 ಡಿಗ್ರಿಯ ಸುತ್ತಮುತ್ತ.

ಈ ಸ್ಥಿತಿಯನ್ನು ಕೆಡಿಸುವ ಶಕ್ತಿಯಿರುವುದು ಬಂಗಾಳ ಕೊಲ್ಲಿಗೆ. ಅಲ್ಲಿ ವಾಯುಭಾರ ಕುಸಿತ ಉಂಟಾಗಿ ಆಂಧ್ರ ಕರಾವಳಿಯನ್ನು ದಾಟಿ ಪಶ್ಚಿಮಕ್ಕೆ ಚಲಿಸಿದರೆ ತೆಲಂಗಾಣದ ಮೂಲಕ ಮೊದಲು ತಲುಪುವುದು ಸೇಡಂ, ಚಿಂಚೋಳಿ ಗಡಿಯನ್ನೇ. ಕಾಕಿನಾಡಕ್ಕೂ ಸೇಡಂಗೂ ನೇರ ಅಂತರ ಸುಮಾರು 500 ಕಿ.ಮೀ. ಮಾತ್ರ. ಬೆಂಗಳೂರಿನ ಆಕಾಶಕ್ಕಿಂತ ಕಾಕಿನಾಡದ ಆಕಾಶ ಈ ಭಾಗದ ರೈತನಿಗೆ ಹೆಚ್ಚು ಮುಖ್ಯವೆಂದರೆ ಅತಿಶಯೋಕ್ತಿಯಲ್ಲ.

2020ರ ಅಕ್ಟೋಬರ್ ಇದಕ್ಕೆ ದೊಡ್ಡ ನಿದರ್ಶನ. ಆ ತಿಂಗಳ 13ರ ಬೆಳಿಗ್ಗೆ ಕಾಕಿನಾಡದ ಬಳಿ ನೆಲ ಮುಟ್ಟಿದ ತೀವ್ರ ವಾಯುಭಾರ ಕುಸಿತ ಹೈದರಾಬಾದನ್ನು ಮುಳುಗಿಸಿ, ಮರುದಿನ ಕಲಬುರಗಿ ಜಿಲ್ಲೆಯನ್ನು ಹಾದು ಸೊಲ್ಲಾಪುರದ ಕಡೆಗೆ ಸಾಗಿತು. ಕಾಗಿಣಾ ಉಕ್ಕಿ ಹರಿಯಿತು. ಅದರ ಬೆನ್ನಿಗೇ ಭೀಮೆಯೂ ಪ್ರವಾಹಕ್ಕೆ ಸಿಲುಕಿತು. ಕೊಯ್ಲಿಗೆ ಸಿದ್ಧವಾಗಿದ್ದ ಮತ್ತು ಹೂವಿಗೆ ಬಂದಿದ್ದ ಬೆಳೆಗಳೆರಡೂ ನೀರುಪಾಲಾದವು.

ಆದರೆ ಆಂಧ್ರ ಕರಾವಳಿ ಮುಟ್ಟಿದ ಪ್ರತಿ ಬಿರುಗಾಳಿಯೂ ಇತ್ತ ಬರುವುದಿಲ್ಲ. 2023ರ ಡಿಸೆಂಬರ್ 5ರಂದು ಬಾಪಟ್ಲದ ಬಳಿ ದಡ ಸೇರಿದ ಮಿಚಾಂಗ್ ಚಂಡಮಾರುತ ಉತ್ತರಕ್ಕೆ ತಿರುಗಿತು. 2025ರ ಅಕ್ಟೋಬರ್ 28ರ ರಾತ್ರಿ ನರಸಾಪುರದ ಬಳಿ ಅಪ್ಪಳಿಸಿದ ಮೊಂಥಾ ತೆಲಂಗಾಣದ ವರಂಗಲ್ ಭಾಗವನ್ನು ತೋಯಿಸಿ ಛತ್ತೀಸಗಢದ ಕಡೆಗೆ ಹೋಯಿತು. ಮೂರೂ ಸಲ ದಡ ಸೇರಿದ್ದು ಆಂಧ್ರದ ಒಂದೇ ಕರಾವಳಿಯಲ್ಲಿ. ಹಿಡಿದ ದಾರಿ ಬೇರೆ. ನೆಲ ಮುಟ್ಟಿದ ನಂತರ ವ್ಯವಸ್ಥೆ ಪಶ್ಚಿಮಕ್ಕೆ ಸಾಗುವುದೋ ಉತ್ತರಕ್ಕೆ ಹೊರಳುವುದೋ ಎಂಬುದೇ ಈ ಊರುಗಳ ಪಾಲಿಗೆ ನಿರ್ಣಾಯಕ ಪ್ರಶ್ನೆ. ಸುದ್ದಿಯಲ್ಲಿ ಚಂಡಮಾರುತದ ಹೆಸರು ಕೇಳಿಬರುವುದಕ್ಕಿಂತ ಅದರ ದಿಕ್ಕನ್ನು ತಿಳಿಯುವುದು ಮುಖ್ಯ.

ಒಂದೇ ಮಳೆ, ಹಲವು ಫಲ

ಇದೇ ಮಳೆ ಬಂದರೆ ಒಳಿತೋ ಕೆಡುಕೋ ಎಂಬುದಕ್ಕೂ ಒಂದೇ ಉತ್ತರವಿಲ್ಲ. ನವೆಂಬರ್ ಕೊನೆಯಲ್ಲಿ 20 ಮಿ.ಮೀ. ಮಳೆಯಾದರೆ ಬಿಳಿಜೋಳಕ್ಕೆ ಅದು ಜೀವದಾನ. ಮಳೆಗಾಲದಲ್ಲಿ ಕಪ್ಪು ನೆಲ ಹಿಡಿದಿಟ್ಟ ತೇವದ ಮೇಲೆಯೇ ಬೆಳೆಯುವ ಹಿಂಗಾರಿ ಜೋಳಕ್ಕೆ ತೆನೆ ಒಡೆಯುವ ಮುನ್ನ ಸಿಗುವ ಒಂದು ಮಳೆ ಕಾಳನ್ನೂ ಮೇವನ್ನೂ ಹೆಚ್ಚಿಸುತ್ತದೆ. ಕಡಲೆಗೆ ಹಗುರ ಮಳೆ ಹಿತ. ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ.

ಪಕ್ಕದ ಸಾಲಿನ ತೊಗರಿಯ ಕಥೆಯೇ ಬೇರೆ. ಬೇಗ ಮಾಗುವ ಟಿಎಸ್-3ಆರ್ ತಳಿ ಕಾಯಿ ಬಲಿಯುವ ಹಂತದಲ್ಲಿದ್ದರೆ, ತುಸು ತಡವಾಗಿ ಬರುವ ಜಿಆರ್‌ಜಿ-811ರಂಥ ತಳಿಯಲ್ಲಿ ಹೂವು, ಎಳೆಗಾಯಿ ಇನ್ನೂ ಉಳಿದಿರುತ್ತವೆ. ಈಗ ಮಳೆ ಬೀಳಬೇಕೆಂದೇನೂ ಇಲ್ಲ. ಮೂರು ನಾಲ್ಕು ದಿನ ಮೋಡ ಮುಚ್ಚಿಕೊಂಡಿದ್ದರೂ ಹೂವು ಉದುರುತ್ತದೆ, ಕಾಯಿಕೊರಕದ ಹಾವಳಿ ಏರುತ್ತದೆ. ಕೀಡೆಗಳನ್ನು ಗಿಡ ಅಲುಗಾಡಿಸಿ ಉದುರಿಸುವ ಪದ್ಧತಿ ಈ ಜಿಲ್ಲೆಯ ರೈತರಿಗೆ ಹೊಸದಲ್ಲ. ಔಷಧ ಸಿಂಪಡಿಸಿದವರಿಗೆ ಕೆಲವೇ ಗಂಟೆಗಳಲ್ಲಿ ಮಳೆ ಬಂದರೆ ಹಣವೂ ಕೂಲಿಯೂ ವ್ಯರ್ಥ.

ನೆಲದಲ್ಲಿ ತೇವ ಅತಿಯಾದರೆ ಏನಾಗುತ್ತದೆ ಎಂಬುದನ್ನು 2022ರ ಹಂಗಾಮು ತೋರಿಸಿಕೊಟ್ಟಿದೆ. ಆ ವರ್ಷ ನೆಟೆ ರೋಗ ಕಲಬುರಗಿ ಜಿಲ್ಲೆಯ ತೊಗರಿಯನ್ನು ವ್ಯಾಪಕವಾಗಿ ಒಣಗಿಸಿ, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಅದರ ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಒಂದು ವರ್ಷ ತೇವ ಕೊಂದರೆ, ಇನ್ನೊಂದು ವರ್ಷ ತೇವವಿಲ್ಲದಿರುವುದೇ ಕೊಂದಿತು.

ಎಲ್ಲಕ್ಕಿಂತ ಅಪಾಯದ ಹಂತ ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ತೊಗರಿಯದು. ಡಿಸೆಂಬರ್ ಹೊಸ್ತಿಲಲ್ಲಿ ಬೇಗ ಬಿತ್ತಿದವರ ಹೊಲಗಳಲ್ಲಿ ಕೊಯ್ಲು ಆರಂಭವಾಗುತ್ತದೆ. ರಾಶಿಗೆ ಮುನ್ನ ತೋಯ್ದ ಕಾಳು ಕಪ್ಪಾಗುತ್ತದೆ, ಮೊಳೆಯುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 12 ಮೀರುವಂತಿಲ್ಲ. 2025-26ನೇ ಸಾಲಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿತ್ತು. ಆದರೆ ತೋಯ್ದ ಕಾಳಿಗೆ ಆ ದರದ ಬಾಗಿಲು ಮುಚ್ಚಿರುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಬೇಳೆಯ ಹೆಸರೂ ಇಂಥ ಒಂದು ವಾರದ ಒಣ ಹವೆಯ ಮೇಲೆ ನಿಂತಿದೆ.

ಚಳಿ, ಇಬ್ಬನಿ ಮತ್ತು ಧೂಳು

ಕೊಲ್ಲಿ ಶಾಂತವಾಗಿದ್ದ ವಾರ ಆಕಾಶ ತಿಳಿಯಾಗಿರುತ್ತದೆ. ಆಗ ಗಮನಿಸಬೇಕಾದದ್ದು ರಾತ್ರಿಯ ಉಷ್ಣಾಂಶ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಬೀದರದ ಎತ್ತರದ ನೆಲಕ್ಕೆ ಹೊಂದಿಕೊಂಡ ಚಿಂಚೋಳಿಯ ಕಾಡಂಚಿನ ತಾಂಡಾಗಳಲ್ಲಿ ಚಳಿ ಮೊದಲು ತಾಗುತ್ತದೆ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಿದ್ದಾಗ ಮಾತ್ರ ಇಲಾಖೆ ಶೀತಗಾಳಿ ಎಂದು ಸಾರುತ್ತದೆ. ಆದರೆ ಬಯಲಲ್ಲಿ ಮಲಗುವ ಕೂಲಿಗಳಿಗೆ, ಎಳೆಯ ಮಕ್ಕಳಿಗೆ, ವೃದ್ಧರಿಗೆ ಆ ಅಧಿಕೃತ ಮಿತಿಗಿಂತ ಬಹಳ ಮೊದಲೇ ಚಳಿ ಕಷ್ಟಕೊಡುತ್ತದೆ.

ವಾಡಿ, ಶಹಾಬಾದ್, ಮಳಖೇಡ, ಸೇಡಂ ಸಾಲಿನಲ್ಲಿ ಇನ್ನೊಂದು ಅಂಶವೂ ಸೇರಿಕೊಳ್ಳುತ್ತದೆ. ಇದು ಸಿಮೆಂಟ್ ಕಾರ್ಖಾನೆಗಳ, ಸುಣ್ಣಕಲ್ಲು ಗಣಿಗಳ, ಫರಸಿ ಕಲ್ಲಿನ ಸೀಮೆ. ಗಾಳಿ ಬೀಸದ ತಂಪು ಬೆಳಗುಗಳಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿ ನಿಲ್ಲುವುದರಿಂದ ಧೂಳು ಮೇಲೇರಿ ಚದುರುವುದಿಲ್ಲ. ಇಬ್ಬನಿಯೊಡನೆ ಅದು ಎಲೆಗಳ ಮೇಲೆ ಕೂರುತ್ತದೆ, ಉಸಿರಾಟದ ತೊಂದರೆಯುಳ್ಳವರನ್ನು ಕಾಡುತ್ತದೆ. ವಾರದ ಮುನ್ನೋಟದಲ್ಲಿ ಗಾಳಿಯ ವೇಗಕ್ಕೆ ಕೊಡುವ ಒಂದು ಅಂಕಿಗೆ ಈ ಪಟ್ಟಣಗಳಲ್ಲಿ ಮಳೆಯ ಅಂಕಿಯಷ್ಟೇ ಬೆಲೆಯಿದೆ.

ಗಡಿಯಾಚೆಯ ಮಳೆ

ಕಾಗಿಣಾ ನದಿ ತೆಲಂಗಾಣದ ತಾಂಡೂರಿನ ಕಡೆಯಿಂದ ಹರಿದುಬಂದು, ಸೇಡಂ, ಮಳಖೇಡಗಳನ್ನು ಹಾದು, ಶಹಾಬಾದ್ ಸಮೀಪ ಭೀಮೆಯನ್ನು ಸೇರುತ್ತದೆ. ಚಿಂಚೋಳಿಯ ಮುಲ್ಲಾಮಾರಿ, ಬೆಣ್ಣೆತೊರಾ ನದಿಗಳೂ ಇದಕ್ಕೆ ಕೂಡುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಉತ್ತರಾದಿ ಮಠಕ್ಕೆ ನೀರು ನುಗ್ಗುವುದು, ಚಿತ್ತಾಪುರ ತಾಲ್ಲೂಕಿನ ದಂಡೋತಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಮತ್ತೆ ಮತ್ತೆ ಸುದ್ದಿಯಾಗುವ ಸಂಗತಿಗಳು. ಹಲವು ಸಲ ಆ ನೀರು ಮೇಲಿನ ಕಣಿವೆಯಲ್ಲಿ, ಅಂದರೆ ಗಡಿಯಾಚೆ, ಬಿದ್ದ ಮಳೆಯದು.

ಮುನ್ಸೂಚನೆ ಮಾತ್ರ ಗಡಿಯಲ್ಲಿ ಇಬ್ಭಾಗವಾಗುತ್ತದೆ. ತಾಂಡೂರಿನ ಮಳೆಯ ವಿಚಾರ ಹೈದರಾಬಾದಿನ ಹವಾಮಾನ ಕೇಂದ್ರದ ಪಾಲಿಗೆ, ಸೇಡಂನದು ಬೆಂಗಳೂರಿನ ಕೇಂದ್ರದ ಪಾಲಿಗೆ. ನದಿಗೆ ಈ ಹಂಚಿಕೆ ತಿಳಿಯದು. ಕಾಗಿಣಾ ದಂಡೆಯ ಜನ ತೆಲಂಗಾಣದ ವಿಕಾರಾಬಾದ್ ಜಿಲ್ಲೆಗೆ ಕೊಡುವ ಎಚ್ಚರಿಕೆಯನ್ನೂ ನೋಡುವುದು ಲೇಸು. ಅದಕ್ಕಿಂತ ಲೇಸು, ಜಿಲ್ಲಾಡಳಿತವೇ ಅದನ್ನು ಕನ್ನಡದಲ್ಲಿ ತಿಳಿಸುವುದು.

ಅಂಕಿ ಸೂಕ್ಷ್ಮವಾಯಿತು, ಸಲಹೆ?

ಮುನ್ಸೂಚನೆಯ ತಂತ್ರ ಇತ್ತೀಚೆಗೆ ಗಣನೀಯವಾಗಿ ಸುಧಾರಿಸಿದೆ ಎಂಬುದನ್ನು ಒಪ್ಪಲೇಬೇಕು. 2024ರ ಅಕ್ಟೋಬರ್ 24ರಂದು ಗ್ರಾಮ ಪಂಚಾಯಿತಿ ಮಟ್ಟದ ಐದು ದಿನಗಳ ಮುನ್ಸೂಚನೆಗೆ ಕೇಂದ್ರ ಸರ್ಕಾರ ಚಾಲನೆ ನೀಡಿತು. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ 12 ಕಿ.ಮೀ. ಜಾಲವನ್ನು 6 ಕಿ.ಮೀ.ಗೆ ಇಳಿಸಿತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ.

ಆದರೆ ಆ ಅಂಕಿಯನ್ನು ಬೆಳೆಯ ಭಾಷೆಗೆ ತಿರುಗಿಸುವವರು ಯಾರು? ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆಯಲಾಗಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ಜಾಲ ಸೂಕ್ಷ್ಮವಾದ ಹೊತ್ತಿನಲ್ಲಿಯೇ ಅದನ್ನು ಓದಿ ಹೇಳುವ ಕೈ ಕಡಿಮೆಯಾದದ್ದು ವಿಪರ್ಯಾಸ. ರೈತನಿಗೆ ಬೇಕಾದದ್ದು ಮಿಲಿಮೀಟರ್ ಲೆಕ್ಕವಲ್ಲ. ಈ ವಾರ ತೊಗರಿ ಕೊಯ್ಯಬಹುದೇ, ತಡೆಯಬೇಕೇ ಎಂಬ ಮಾತು.

ಮುಂದಿನ ವಾರಕ್ಕೆ

ಹಾಗಾದರೆ ವಾರದ ಮುನ್ನೋಟವನ್ನು ಹೇಗೆ ಬಳಸಬೇಕು? ಮೊದಲ ಎರಡು ಮೂರು ದಿನಗಳ ಮಾತನ್ನು ಹೆಚ್ಚು ನಂಬಬಹುದು. ಐದನೆಯ ದಿನದ ನಂತರದ್ದನ್ನು ದಿಕ್ಸೂಚಿಯೆಂದಷ್ಟೇ ತಿಳಿಯಬೇಕು. ಪ್ರತಿ ಗುರುವಾರ ಇಲಾಖೆ ಹೊರಡಿಸುವ ನಾಲ್ಕು ವಾರಗಳ ವಿಸ್ತೃತ ಮುನ್ನೋಟದಲ್ಲಿ ಬಂಗಾಳ ಕೊಲ್ಲಿಯ ಪ್ರಸ್ತಾಪವಿದೆಯೇ ಎಂದು ನೋಡಬೇಕು. ಮಂಗಳವಾರ, ಶುಕ್ರವಾರಗಳ ಕೃಷಿ ಹವಾಮಾನ ವರದಿಯನ್ನು, ಮೊಬೈಲ್ ಇರುವವರು ಮೇಘದೂತ ಆ್ಯಪ್ ಮೂಲಕ, ಗಮನಿಸಬೇಕು. ಕೊಲ್ಲಿಯಲ್ಲಿ ಕುಸಿತದ ಸುಳಿವಿದ್ದರೆ ಕೊಯ್ಲನ್ನು ಮುಂದೂಡುವುದು, ಕೊಯ್ದದ್ದಿದ್ದರೆ ಒಟ್ಟಿ ತಾಡಪತ್ರಿ ಹೊದಿಸುವುದು, ಬಿಡಿಸಲು ಸಿದ್ಧವಿರುವ ಹತ್ತಿಯನ್ನು ಬಿಡಿಸಿ ಮನೆಗೆ ಸೇರಿಸುವುದು ಜಾಣತನ.

ಇಷ್ಟಾಗಿಯೂ ಕೊಯ್ದ ಬೆಳೆ ತೋಯ್ದರೆ ಫಸಲ್ ಬಿಮಾ ಯೋಜನೆಯ ನೆರವಿದೆ. ಒಣಗಲು ಹೊಲದಲ್ಲಿ ಬಿಟ್ಟ ಬೆಳೆಗೆ ಕೊಯ್ಲಿನಿಂದ 14 ದಿನಗಳವರೆಗೆ ಅಕಾಲ ಮಳೆಯ ಹಾನಿಗೆ ರಕ್ಷಣೆಯುಂಟು. ಆದರೆ ಹಾನಿಯಾದ 72 ಗಂಟೆಗಳೊಳಗೆ ದೂರು ದಾಖಲಾಗಬೇಕು. ವಿಮೆ ಮಾಡಿಸಿದವರು ಕೊಯ್ದ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು, ತೋಯ್ದ ಬೆಳೆಯ ಚಿತ್ರ ತೆಗೆದುಕೊಳ್ಳುವುದು ಅಗತ್ಯ. ಮಳೆ ನಿಂತ ಮೇಲೆ ಹೊಲಕ್ಕೆ ಕಾಲಿಡಲಾಗದೆ ಎರಡು ದಿನ ಕಳೆದರೆ ಆ ಅವಧಿಯ ಬಹುಪಾಲು ಕರಗಿಹೋಗಿರುತ್ತದೆ.

ರೈತ ತನ್ನ ಪಾಲಿನ ಎಚ್ಚರ ವಹಿಸಬಲ್ಲ. ಉಳಿದದ್ದು ಆಡಳಿತದ ಹೊಣೆ. ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಗಳು ವಾರಕ್ಕೆರಡು ಬಾರಿ ಪಂಚಾಯಿತಿ ಮಟ್ಟದ ಮುನ್ಸೂಚನೆಯನ್ನು ಬೆಳೆಯ ಹಂತಕ್ಕೆ ಹೊಂದಿಸಿ ಫಲಕದಲ್ಲಿ ಬರೆಯುವುದಕ್ಕೆ ಹೊಸ ಯಂತ್ರವಾಗಲಿ, ದೊಡ್ಡ ಅನುದಾನವಾಗಲಿ ಬೇಕಿಲ್ಲ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಲು ಹೋಗುವ ಕುಟುಂಬಕ್ಕೆ ಆ ಹೊಲದಲ್ಲಿ ಬೆಳೆ ಉಳಿದಿರಬೇಕು. ಅದಕ್ಕೆ ಬೇಕಾದ ಮಾಹಿತಿ ಇಲಾಖೆಯ ಗಣಕದಲ್ಲಿದೆ. ಅದು ಕಣದ ಅಂಚಿಗೆ ತಲುಪುವುದಷ್ಟೇ ಬಾಕಿ.