ಅಂಕಿಗೂ ಸಾಕ್ಷಿ ಬೇಕು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಆದರೆ ಯಂತ್ರವೊಂದು ಅಂಕಿ ತೋರಿಸಿತೆಂದರೆ ಸಾಕು, ಅದನ್ನು ಪ್ರಮಾಣಿಸುವ ಮಾತು ನಮಗೆ ಹೊಳೆಯುವುದೇ ಇಲ್ಲ. ಇತಿಹಾಸದ ವಿದ್ಯಾರ್ಥಿಯಾದ ನಾನು ಉಷ್ಣಮಾಪಕಗಳ ವಿಷಯ ಬರೆಯಹೊರಟದ್ದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಅದಕ್ಕೊಂದು ಕಾರಣವಿದೆ.

2020ರ ಜೂನ್ ತಿಂಗಳಿನಲ್ಲಿ, ಕೋವಿಡ್ ಹಾವಳಿಯ ನಡುವೆ, ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತೆ. ಬಾಗಿಲಲ್ಲಿ ಪ್ರತಿಯೊಬ್ಬರ ಹಣೆಗೂ ಪಿಸ್ತೂಲಿನಂಥ ಮಾಪಕವನ್ನು ಹಿಡಿಯುತ್ತಿದ್ದರು. ಆಗತಾನೆ ನಲ್ಲಿಯಲ್ಲಿ ಮುಖ ತೊಳೆದು ಬಂದಿದ್ದ ನನಗೆ 34 ಡಿಗ್ರಿ ಬಂತು. ಆರೋಗ್ಯವಂತನ ಮೈಯ ಶಾಖ ಸುಮಾರು 37 ಡಿಗ್ರಿ. ನಿಜವಾಗಿ 34ಕ್ಕೆ ಇಳಿದವನನ್ನು ಆಸ್ಪತ್ರೆಗೆ ಒಯ್ಯಬೇಕು! ಆದರೂ ಹಾಗೆಯೇ ಬರೆದುಕೊಂಡು ಒಳಗೆ ಬಿಟ್ಟರು. ನನ್ನ ಹಿಂದಿದ್ದ ಗೆಳೆಯ ಬಸ್ಸು ತಪ್ಪಿ ಎರಡು ಮೈಲಿ ಬಿಸಿಲಿನಲ್ಲಿ ಓಡಿ ಬಂದಿದ್ದ. ಅವನಿಗೆ 38 ಬಂತು. ಅವನೊಬ್ಬನನ್ನೇ ಬೇರೆ ಕೊಠಡಿಯಲ್ಲಿ ಕೂರಿಸಿದರು. ಪರೀಕ್ಷೆ ಮುಗಿದ ಮೇಲೆ ನೋಡಿದರೆ ಜ್ವರವೇ ಇರಲಿಲ್ಲ. ಆದರೆ ಅಷ್ಟು ಹೊತ್ತೂ ಅವನು ಪ್ರಶ್ನೆಪತ್ರಿಕೆಯನ್ನು ಬಿಟ್ಟು ಮನೆಯಲ್ಲಿದ್ದ ಅಜ್ಜಿಯನ್ನು ಕುರಿತೇ ಚಿಂತಿಸಿದನಂತೆ.

ಆ ಮಾಪಕ ಸುಳ್ಳು ಹೇಳಲಿಲ್ಲ. ಚರ್ಮದ ಮೇಲ್ಮೈಯಿಂದ ಹೊರಡುವ ಅವಕೆಂಪು ಕಿರಣಗಳನ್ನಷ್ಟೇ ಅದು ಅಳೆಯುತ್ತದೆ. ಒದ್ದೆ ಹಣೆ ತಂಪು, ಬಿಸಿಲುಂಡ ಹಣೆ ಬಿಸಿ. ನಾವು ಹಣೆಯನ್ನು ಕೇಳಿ, ಬಂದ ಉತ್ತರವನ್ನು ಇಡೀ ಮೈಯದೆಂದು ತಿಳಿದೆವು.

ಕಳೆದ ರಜೆಯಲ್ಲಿ, ಬೆಂಗಳೂರಿನಲ್ಲಿ ವಿಜ್ಞಾನ ಓದುವ ಮಿತ್ರನ ಮನೆಯಲ್ಲಿ ಮೂರು ಬಗೆಯ ಮಾಪಕಗಳನ್ನು ಪರೀಕ್ಷಿಸಿದೆವು. ಒಂದು, ಗಾಜಿನ ನಳಿಗೆಯಲ್ಲಿ ಪಾದರಸ ಹಿಗ್ಗುವ ಹಳೆಯ ಪ್ರಯೋಗಶಾಲೆಯ ಮಾಪಕ. ಎರಡು, ಬಿಸಿ ಏರಿದಂತೆ ವಿದ್ಯುತ್ತಿನ ರೋಧ ಇಳಿಯುವ ಥರ್ಮಿಸ್ಟರ್. ಮೂರು, ಥರ್ಮೊಕಪಲ್. ಎರಡು ಬೇರೆ ಲೋಹಗಳ ತಂತಿಗಳನ್ನು ಬೆಸೆದು, ಎರಡು ತುದಿಗಳ ಶಾಖದಲ್ಲಿ ಅಂತರವಿಟ್ಟರೆ ವಿದ್ಯುತ್ತು ಹುಟ್ಟುವುದನ್ನು ಸೀಬೆಕ್ 1821ರಲ್ಲಿ ಕಂಡನು. ಸಾಮಾನ್ಯ ಬಳಕೆಯ ಜೋಡಿಯಲ್ಲಿ ಅದು ಡಿಗ್ರಿಗೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಸುಮಾರು 40 ಭಾಗ ಮಾತ್ರ.

ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ, ಕಲಕಿ, ಮೂರನ್ನೂ ಅದರಲ್ಲಿಟ್ಟು ಕಾದೆವು. ಪಾದರಸ 0 ಎಂದಿತು, ಥರ್ಮಿಸ್ಟರ್ ಅರ್ಧ ಡಿಗ್ರಿ, ಥರ್ಮೊಕಪಲ್ 2. ಮೂರನೆಯದು ಕೆಟ್ಟಿದೆಯೆಂದು ನಾನು ತೀರ್ಪು ಕೊಟ್ಟೆ. ಮಿತ್ರನು ಮೀಟರನ್ನು ಒಲೆಯ ಪಕ್ಕದಿಂದ ತೆಗೆದು ದೂರವಿಟ್ಟನು. ತಂತಿಯ ಇನ್ನೊಂದು ತುದಿ ಮೀಟರಿನಲ್ಲಿಯೇ ಇರುವುದರಿಂದ ಅದರ ಶಾಖವೂ ಲೆಕ್ಕಕ್ಕೆ ಬರುತ್ತದೆಯಂತೆ. ಸ್ವಲ್ಪ ಹೊತ್ತಿನಲ್ಲಿ ಅಂಕಿ ಅರ್ಧಕ್ಕೆ ಇಳಿಯಿತು.

ಅನಂತರ ಕುದಿಯುವ ನೀರು. ಮೂರೂ 97ರ ಆಸುಪಾಸಿನಲ್ಲಿ ನಿಂತವು! ನೂರಾಗಬೇಕಲ್ಲವೇ ಎಂದು ಮೂರನ್ನೂ ಜರೆಯಹೊರಟೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. 300 ಮೀಟರು ಏರಿದರೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ತಪ್ಪಿದ್ದುದು ನನ್ನ ತಲೆಯಲ್ಲಿದ್ದ ಪುಸ್ತಕದ ಅಂಕಿ. ಮೂರು ಬೇರೆ ಬೇರೆ ತತ್ತ್ವಗಳ ಮೇಲೆ ನಡೆಯುವ ಮಾಪಕಗಳು ಒಂದೇ ಮಾತು ಹೇಳಿದಾಗ ಅದಕ್ಕೆ ಬೆಲೆ ಬರುತ್ತದೆ. ಶಾಸನ, ನಾಣ್ಯ, ಕಾವ್ಯ ಮೂರೂ ಒಪ್ಪಿದರೆ ನಮ್ಮ ಅಧ್ಯಾಪಕರು ನಂಬುವುದಿಲ್ಲವೇ?

ನನ್ನ ಅಭಿಪ್ರಾಯವಿಷ್ಟೆ: ಅಳತೆಯ ಪರೀಕ್ಷೆ ವಿಜ್ಞಾನದವರ ಸೊತ್ತಲ್ಲ. ನಮ್ಮ ಕಾಲೇಜಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿರುವ ಜ್ವರಮಾಪಕವನ್ನು ವರ್ಷಕ್ಕೊಮ್ಮೆಯಾದರೂ 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ನಂಬಿಕೆಯ ಮಾಪಕವೊಂದರ ಜೊತೆಗಿಟ್ಟು ಹೋಲಿಸಿ, ತಾರೀಖನ್ನು ಬರೆದಂಟಿಸಬೇಕು. ಜ್ವರಮಾಪಕವನ್ನು ಮಾತ್ರ ಯಾರೂ ಕುದಿನೀರಿಗೆ ಹಾಕಬಾರದು. ಅದು ಒಡೆದೀತು, ಇಲ್ಲವೆ ಕೆಟ್ಟೀತು. ಅಂಕಿ ವಿಚಿತ್ರವಾಗಿ ಕಂಡರೆ ಆ ವಿದ್ಯಾರ್ಥಿಯನ್ನು ನೆರಳಿನಲ್ಲಿ ಕೂರಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಬೇಕು. ಅಂದು ಬಾಗಿಲಲ್ಲಿ ಇಷ್ಟು ಮಾಡಿದ್ದರೆ ನನ್ನ ಗೆಳೆಯ ನಿಶ್ಚಿಂತನಾಗಿ ಪರೀಕ್ಷೆ ಬರೆಯುತ್ತಿದ್ದ.