ಟ್ಯಾಂಕ್‌ಗೆ ಇಳಿದವರಿಗೆ ಬದಲಿ ಗಾಳಿ ಎಲ್ಲಿಂದ? ಮಾಸ್ಕ್, ಆಕ್ಸಿಜನ್ ಸಿಲಿಂಡರ್‌ಗಳ ತಪ್ಪು ಲೆಕ್ಕ

ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲ್ ಅಥವಾ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ಇಳಿಯುವ ಮುಂಚೆ ಏನು ಮಾಡಬೇಕು ಎಂದು ಕೇಳಿ ನೋಡಿ, ಸಲಹೆಗಳಿಗೆ ಬರವಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಮೇಣದಬತ್ತಿ ಇಳಿಬಿಟ್ಟು ನೋಡಿ. ಒಳ್ಳೆಯ ಮಾಸ್ಕ್ ಹಾಕಿ. ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಜನ್ ಸಿಲಿಂಡರ್ ಇದ್ದರೆ ಜೊತೆಗಿಡಿ. ಈ ನಾಲ್ಕರಲ್ಲಿ ಯಾವುದನ್ನು ನಂಬಿ ಇಳಿದರೂ ಜೀವಕ್ಕೆ ಅಪಾಯ. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ಎಲ್ಲೋ ದೂರದ ವಿಷಯವಲ್ಲ. 2017ರ ಮಾರ್ಚ್‌ನಲ್ಲಿ ಸಿ.ವಿ. ರಾಮನ್ ನಗರದ ಕಗ್ಗದಾಸಪುರದಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಲೇಔಟ್ ಬಳಿಯ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟ್ ಒಂದರಲ್ಲಿ ಎಸ್‌ಟಿಪಿ ಸ್ವಚ್ಛ ಮಾಡಲು ಹೋದ ಮತ್ತೆ ಮೂವರು ಸತ್ತರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಎಸ್‌ಟಿಪಿ ಸಾಮಾನ್ಯ, ಎಷ್ಟೋ ಕಡೆ ಅದು ಇರುವುದು ಬೇಸ್‌ಮೆಂಟಿನಲ್ಲೇ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ತ್ಯಾಜ್ಯ ನೀರಿನ ಟ್ಯಾಂಕುಗಳೂ ಇರುತ್ತವೆ.

ಒಳಗೆ ಇರುವುದು ಏನು?

ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಶೇ. 20.9ರಷ್ಟು ಇರುತ್ತದೆ. ಅದು 19.5ಕ್ಕಿಂತ ಇಳಿದರೆ ಆ ಜಾಗ ಅಪಾಯಕಾರಿ ಎಂದೇ ಸುರಕ್ಷತಾ ನಿಯಮಗಳು ಹೇಳುತ್ತವೆ. ಮುಚ್ಚಿದ ಟ್ಯಾಂಕ್‌ನಲ್ಲಿ ಕೊಳೆಯುವ ಹೊಲಸು ಆಕ್ಸಿಜನ್ ತಿಂದು ಮುಗಿಸುತ್ತದೆ. ಮೀಥೇನ್, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಉತ್ಪತ್ತಿ ಮಾಡುತ್ತದೆ.

ಇವುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಮಹಾ ಮೋಸಗಾರ. ತೀರಾ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. 10 ಲಕ್ಷ ಪಾಲು ಗಾಳಿಯಲ್ಲಿ 100 ಪಾಲಿನಷ್ಟು ಸೇರಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದರ ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಇಳಿದವರಿಗೆ ಗ್ಯಾಸ್ ಹೋಯಿತು ಅನಿಸುತ್ತದೆ, ಹೋಗಿರುವುದು ಮೂಗಿನ ಶಕ್ತಿ. 700ರಿಂದ 1000 ಪಾಲು ಮುಟ್ಟಿದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪಬಹುದು. ಹೊಲಸನ್ನು ಕಲಕಿದಾಗ ಅದರೊಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಒಮ್ಮೆಲೇ ಮೇಲೇಳುತ್ತದೆ. ಹಾಗಾಗಿ ಇಳಿಯುವ ಮುಂಚೆ ಒಂದು ಸಲ ಪರೀಕ್ಷೆ ಮಾಡಿದರೆ ಸಾಲದು. ಕೆಲಸ ಮುಗಿಯುವವರೆಗೂ ಗ್ಯಾಸ್ ಮಾನಿಟರ್ ಮೈಮೇಲೆ ಇರಬೇಕು.

ನಾಲ್ಕು ಸಲಹೆ, ನಾಲ್ಕು ತಪ್ಪು

ಒದ್ದೆ ಬಟ್ಟೆ: ಧೂಳನ್ನು ಸ್ವಲ್ಪ ತಡೆಯಬಹುದು, ಗ್ಯಾಸನ್ನಲ್ಲ.

ಮೇಣದಬತ್ತಿ: ಆಕ್ಸಿಜನ್ ಶೇ. 16ರ ಸುತ್ತಮುತ್ತ ಬರುವ ತನಕ ಅದು ಉರಿಯುತ್ತಲೇ ಇರಬಹುದು. ಅಷ್ಟರಲ್ಲಿ ಮನುಷ್ಯನಿಗೆ ಅಪಾಯ ಶುರುವಾಗಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಇದೆಯೇ ಎಂದು ಅದು ಹೇಳುವುದೇ ಇಲ್ಲ. ಮೀಥೇನ್ ಶೇ. 5ರಿಂದ 15ರ ನಡುವೆ ಇದ್ದರಂತೂ ಅದೇ ಸ್ಫೋಟಕ್ಕೆ ಕಿಡಿ.

ಮಾಸ್ಕ್: ಎನ್95 ಕಣಗಳನ್ನು ಸೋಸುತ್ತದೆ, ಗ್ಯಾಸ್ ಅದರ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ಡಬ್ಬಿಯಂಥ ಫಿಲ್ಟರ್ ಇರುವ ಮಾಸ್ಕ್ ಕೆಲವು ಗ್ಯಾಸ್‌ಗಳನ್ನು ಹಿಡಿದಿಟ್ಟರೂ ಆಕ್ಸಿಜನ್ ತಯಾರಿಸುವುದಿಲ್ಲ. ಗಾಳಿಯಲ್ಲೇ ಇಲ್ಲದ್ದನ್ನು ಸೋಸಿ ತರುವುದು ಹೇಗೆ?

ಆಕ್ಸಿಜನ್ ಸಿಲಿಂಡರ್: ಇದರ ಲೆಕ್ಕ ನೋಡಿ. ಮೈ ಬಗ್ಗಿಸಿ ದುಡಿಯುವ ವ್ಯಕ್ತಿಗೆ ನಿಮಿಷಕ್ಕೆ ಸುಮಾರು 40 ಲೀಟರ್ ಗಾಳಿ ಬೇಕು. ಆಸ್ಪತ್ರೆಯ ಸಾದಾ ಮಾಸ್ಕ್‌ನಿಂದ ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಬಂದರೆ ಉಳಿದ 30 ಲೀಟರ್ ಸೇರುವುದು ಸುತ್ತಲಿನ ವಿಷಗಾಳಿಯಿಂದಲೇ. ಜೊತೆಗೆ, ಮೀಥೇನ್ ಇರುವ ಜಾಗದಲ್ಲಿ ಸೋರಿದ ಆಕ್ಸಿಜನ್ ಬೆಂಕಿಯ ಅಪಾಯವನ್ನು ಹೆಚ್ಚಿಸುತ್ತದೆ.

ಡೈವರ್‌ಗಳ ಲೆಕ್ಕಾಚಾರ

ಬದಲಿ ಗಾಳಿಯ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುವವರು ಸಮುದ್ರದ ಡೈವರ್‌ಗಳು. ಬೆಂಗಳೂರಿನಿಂದ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿ ಬಂದವರಿಗೆ ಬೆನ್ನಿನ ಸಿಲಿಂಡರ್ ಗೊತ್ತಿರುತ್ತದೆ. ಇನ್ನೂ ಆಳಕ್ಕೆ, ಹೆಚ್ಚು ಹೊತ್ತು ಹೋಗುವವರು ರಿಬ್ರೀದರ್ ಎಂಬ ಯಂತ್ರ ಬಳಸುತ್ತಾರೆ. ಅದು ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೆಗೆದು, ಬೇಕಾದಷ್ಟು ಆಕ್ಸಿಜನ್ ಸೇರಿಸಿ ಮತ್ತೆ ಕೊಡುತ್ತದೆ. ಯಂತ್ರ ಕೈಕೊಟ್ಟರೆ ಮೇಲೆ ಬರಲು ಪಕ್ಕದಲ್ಲಿ ಬೇರೆಯೇ ಸಿಲಿಂಡರ್ ಕಟ್ಟಿಕೊಂಡಿರುತ್ತಾರೆ. ಅದನ್ನು ಆರಿಸುವಾಗ ಕೇಳಿಕೊಳ್ಳುವ ಪ್ರಶ್ನೆ ಮೂರು.

ಆ ಜಾಗಕ್ಕೆ ಇದು ತಕ್ಕ ಗ್ಯಾಸ್ ಹೌದೇ? ಶುದ್ಧ ಆಕ್ಸಿಜನ್ ಕೂಡ ನೀರಿನಲ್ಲಿ 6 ಮೀಟರ್‌ಗಿಂತ ಆಳದಲ್ಲಿ ಫಿಟ್ಸ್ ತರಿಸಬಲ್ಲ ವಿಷ.

ಗಾಬರಿಯಾದಾಗಲೂ ಸಾಕಾಗುತ್ತದೆಯೇ? 3 ಲೀಟರ್ ಸಿಲಿಂಡರ್‌ಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ 600 ಲೀಟರ್. ನೀರಿನ 40 ಮೀಟರ್ ಆಳದಲ್ಲಿ ಒತ್ತಡ ಐದು ಪಟ್ಟು. ನೆಲದ ಮೇಲೆ ನಿಮಿಷಕ್ಕೆ 30 ಲೀಟರ್ ಎಳೆಯುವವರಿಗೆ ಅಲ್ಲಿ 150 ಲೀಟರ್ ಬೇಕು. ಅಂದರೆ ಅಲ್ಲೇ ಉಳಿದರೆ 4 ನಿಮಿಷಕ್ಕೆ ಖಾಲಿ.

ಮೊದಲನೆಯದು ಕೆಟ್ಟಾಗ ಇದೂ ಕೆಡುತ್ತದೆಯೇ? ಕೆಡುವುದಾದರೆ ಅದು ಬದಲಿ ಅಲ್ಲ.

ಟ್ಯಾಂಕ್‌ಗೂ ಇವೇ ಮೂರು ಪ್ರಶ್ನೆ

ಅಗ್ನಿಶಾಮಕ ಸಿಬ್ಬಂದಿ ಬೆನ್ನಿಗೆ ಹಾಕುವ ಸಿಲಿಂಡರ್ ಸಾಮಾನ್ಯವಾಗಿ 6 ಲೀಟರ್, 300 ಬಾರ್. ಅಂದರೆ ಸುಮಾರು 1800 ಲೀಟರ್ ಗಾಳಿ, ನಿಮಿಷಕ್ಕೆ 40 ಲೀಟರ್‌ನಂತೆ 45 ನಿಮಿಷ. ಗಾಳಿ ಕಡಿಮೆಯಾದಾಗ ಸೀಟಿ ಹೊಡೆಯುತ್ತದೆ. ಆದರೆ ಆಗ ಇರುವುದು ಉಳಿಕೆ ಮಾತ್ರ, ಬದಲಿಯಲ್ಲ. ಪೈಪ್ ಅಥವಾ ಮಾಸ್ಕ್ ಹರಿದರೆ ಉಳಿಕೆಯೂ ಅದರ ಜೊತೆಗೇ ಹೋಗುತ್ತದೆ.

ಬೆನ್ನಿನ ಸಿಲಿಂಡರ್ ಇಕ್ಕಟ್ಟಾದ ಬಾಯಲ್ಲಿ ತೂರುವುದು ಕಷ್ಟ. ಅಂಥ ಕಡೆ ಹೊರಗಿನಿಂದ ಉದ್ದ ಪೈಪಿನಲ್ಲಿ ಗಾಳಿ ಕಳಿಸುವ ಏರ್‌ಲೈನ್ ಬಳಸುತ್ತಾರೆ. ಎಷ್ಟು ಹೊತ್ತಾದರೂ ಗಾಳಿ ಬರುತ್ತದೆ, ನಿಜ. ಆದರೆ ಕರೆಂಟ್ ಹೋದರೆ? ಪೈಪನ್ನು ಯಾರಾದರೂ ತುಳಿದರೆ? ಕಂಪ್ರೆಸರ್ ಅನ್ನು ಡೀಸೆಲ್ ಜನರೇಟರ್ ಪಕ್ಕ ಇಟ್ಟರೆ ಅದು ಹೊಗೆಯ ಕಾರ್ಬನ್ ಮೊನಾಕ್ಸೈಡನ್ನೇ ಎಳೆದು ಒಳಗಿನವರಿಗೆ ಕೊಡುತ್ತದೆ. ಹಾಗಾಗಿ ಏರ್‌ಲೈನ್ ಜೊತೆಗೆ ಸೊಂಟಕ್ಕೆ ಒಂದು ಸಣ್ಣ ಎಸ್ಕೇಪ್ ಸಿಲಿಂಡರ್ ಇರಲೇಬೇಕು. ಅದೇ 600 ಲೀಟರ್ ಇಲ್ಲಿ 15 ನಿಮಿಷ ಬರುತ್ತದೆ. ಗಾಬರಿಯಲ್ಲಿ ನಿಮಿಷಕ್ಕೆ 60 ಲೀಟರ್ ಎಳೆದರೆ 10 ನಿಮಿಷ. ಹೊರಬರಲು ಅಷ್ಟು ಸಾಕೇ ಎಂದು ಇಳಿಯುವ ಮುಂಚೆಯೇ ಅಳೆಯಬೇಕು. ಆ ಸಿಲಿಂಡರ್ ಇರುವುದು ಹೊರಬರಲು ಮಾತ್ರ. ಅದನ್ನೇ ಹಾಕಿಕೊಂಡು ಒಳಗೆ ಹೋಗುವ ಹಾಗಿಲ್ಲ.

ಎರಡನೆಯವರು ಇಳಿಯಬಾರದು

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು: ಇಂಥ ಮುಚ್ಚಿದ ಜಾಗಗಳ ಸಾವುಗಳಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರು. ಒಳಗೆ ಬಿದ್ದವರನ್ನು ನೋಡಿ ಸುಮ್ಮನೆ ನಿಲ್ಲುವುದು ಯಾರಿಗೂ ಆಗದ ಮಾತು. ಆದರೂ ಉಸಿರಾಟದ ಉಪಕರಣ ಇಲ್ಲದೆ ಇಳಿದರೆ ಬೀಳುವವರ ಸಂಖ್ಯೆ ಇನ್ನೊಂದು ಹೆಚ್ಚುತ್ತದೆ, ಅಷ್ಟೇ. ಅದಕ್ಕೇ ಇಳಿಯುವವರ ಮೈಗೆ ಮೊದಲೇ ಬೆಲ್ಟ್, ಹಗ್ಗ ಕಟ್ಟಿ ಮೇಲೆ ಟ್ರೈಪಾಡ್ ನಿಲ್ಲಿಸುವುದು: ಒಳಗೆ ಕಾಲಿಡದೆ ಎಳೆದುಕೊಳ್ಳಲು. ಅನಾಹುತವಾದರೆ ತಕ್ಷಣ 112ಕ್ಕೆ ಕರೆ ಮಾಡಿ, ಒಳಗೆ ಗ್ಯಾಸ್ ಇದೆ ಎಂದು ಮೊದಲೇ ಹೇಳಿ.

ಯಾರ ಜವಾಬ್ದಾರಿ?

ಇಳಿಯುವವರು ಕೊಂಡುಕೊಳ್ಳಬೇಕಾದ ಸಾಮಾನು ಇದಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನ ಕೊಡದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕ್‌ಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಒಳಚರಂಡಿ ಸಾವುಗಳಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು.

ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ಯಾರೂ ಇಳಿಯದಿರುವುದು. ಸಕ್ಕಿಂಗ್ ಮತ್ತು ಜೆಟ್ಟಿಂಗ್ ಯಂತ್ರಗಳು ಇರುವುದು ಅದಕ್ಕೇ. ನಿಮ್ಮ ಅಪಾರ್ಟ್‌ಮೆಂಟ್ ಅಥವಾ ಕಾರ್ಖಾನೆಗೆ ಟ್ಯಾಂಕ್ ಸ್ವಚ್ಛ ಮಾಡುವವರು ಬಂದರೆ ಒಂದು ಪ್ರಶ್ನೆ ಕೇಳಿ: ಒಳಗಿನ ಗಾಳಿ ನಿಂತುಹೋದರೆ ಇವರ ಮೈಮೇಲೆ ಬೇರೆ ಗಾಳಿ ಎಷ್ಟು ನಿಮಿಷದ್ದಿದೆ? ಉತ್ತರ ಸಿಗದಿದ್ದರೆ ಕೆಲಸ ನಿಲ್ಲಿಸಿ. ಫಾರ್ವರ್ಡ್ ಮಾಡುವುದಾದರೆ ಈ ಪ್ರಶ್ನೆಯನ್ನೇ ಮಾಡಿ.